ಪಿಂಚಣಿಯೇ ಸಾಕಂತೆ

ಪ್ರೀತಿಯ ತಮ್ಮನಿಗೆ, ಅಕ್ಕನು ಹರಸಿ ಬರೆಯುವುದು.

ನಾನು ಈ ದೇಶದಲ್ಲಿ ನಮ್ಮ ತಂಗಿಯೊಡನೆ ಇನ್ನೂ ಐದು ವರ್ಷ ನೆಲೆಸಲು ನಿನ್ನೆ ಅನುಮತಿ ದೊರೆಯಿತು. ಇನ್ನು ನೀನು ನೆಮ್ಮದಿಯಿಂದ ನಿದ್ರಿಸಬಹುದು.

ನನ್ನ ಖಾತೆಯಲ್ಲಿ ದೊಡ್ಡ ಮೊತ್ತ ಕಾಣಬೇಕೆಂದು, ಮರಗೆಲಸದ ಯಂತ್ರಕ್ಕಾಗಿ ಕೂಡಿಟ್ಟಿದ್ದ ಹಣವನ್ನು ನೀನು ಕಳುಹಿಸಿದ್ದೆಯಲ್ಲ, ವೀಸಾ ಕಚೇರಿಯ ಅಧಿಕಾರಿಣಿಯ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆಯೇ. "ಕೇಳಿದ್ರೆ ನನ್ನ ಉಳಿತಾಯ ಅಂತ ಹೇಳಕ್ಕ, ಹರಿಶ್ಚಂದ್ರನ ಮೊಮ್ಮಗಳ ಥರ ಆಡಬೇಡ" ಎಂದು ತಂಗಿ ಕಚೇರಿಯ ಬಾಗಿಲಿನವರೆಗೂ ಬುದ್ಧಿ ಹೇಳಿದ್ದಳು. ಆದರೆ ನನ್ನ ನಾಲಿಗೆ ಒಪ್ಪಲಿಲ್ಲ. ತಮ್ಮನ ಹಣವೆಂದು ಹೇಳಿಯೇ ಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ತಂಗಿ ಹಣೆ ಚಚ್ಚಿಕೊಂಡಳು.

ಎರವಲು ಹಣ ಲೆಕ್ಕಕ್ಕೆ ಬಾರದು, ನಿಮಗೆ ಸ್ವಂತ ಆದಾಯವೇನೂ ಇಲ್ಲವೇ ಎಂದು ಅಧಿಕಾರಿಣಿ ಕೇಳಿದರು. ಪಿಂಚಣಿಯ ಕಾಗದ ಕೈಚೀಲದ ತಳದಲ್ಲಿತ್ತು. ಅಷ್ಟು ಸಣ್ಣ ಮೊತ್ತವನ್ನು ಪರರಿಗೆ ತೋರಿಸಲು ಮನಸ್ಸಾಗದೆ ನಾನು ಅರ್ಜಿಯಲ್ಲಿ ಅದನ್ನು ನಮೂದಿಸಿರಲಿಲ್ಲ. ಈಗ ಅದನ್ನು ತೆಗೆದುಕೊಟ್ಟೆ. ಆಕೆ ಓದಿ ನೋಡಿ, ತಪ್ಪದೆ ಬರುವ ಪಿಂಚಣಿಯೂ ತಂಗಿಯ ಮನೆಯಲ್ಲಿ ಬಾಡಿಗೆಯಿಲ್ಲದ ವಾಸವೂ ಇರುವವರಿಗೆ ಇಷ್ಟೇ ಸಾಕು ಎಂದರು. ಖಾತೆಯಲ್ಲಿ ದೊಡ್ಡ ಮೊತ್ತ ಕೇಳುವುದು ಆದಾಯವಿಲ್ಲದವರನ್ನಂತೆ!

"ನಿನ್ನ ಬಿಂಕಕ್ಕಿಷ್ಟು ಬೆಂಕಿ ಹಾಕ! ಮೊದಲೇ ತೋರಿಸೋಕೆ ಏನಾಗಿತ್ತಕ್ಕ?" ಎಂದು ತಂಗಿ ಮೆಟ್ಟಿಲ ಮೇಲೆಯೇ ಬೈದು, ಬಳಿಕ ನನ್ನನ್ನು ಅಪ್ಪಿಕೊಂಡು ಅತ್ತಳು.

ನಿನ್ನ ಹಣವನ್ನು ಇಂದು ಹಿಂದಿರುಗಿಸಿದ್ದೇನೆ. ಯಂತ್ರವನ್ನು ಈ ತಿಂಗಳೇ ಕೊಳ್ಳತಕ್ಕದ್ದು. ನಾನು ಮರಳಿ ಬರಬೇಕಾದೀತೆಂದು ನೀನು ಖಾಲಿಯಿರಿಸಿದ ಕೋಣೆಯನ್ನು ಇನ್ನು ನಿನ್ನ ಮಗಳಿಗೆ ಕೊಡು. ಗೋಡೆಗೆ ಅವಳು ಮೆಚ್ಚಿದ ಬಣ್ಣವನ್ನೇ ಬಳಿಸು. ನನ್ನನ್ನು ಕೇಳಬೇಕಾಗಿಲ್ಲ.

ನೆಮ್ಮದಿಯಿಂದಿರುವ,
ನಿನ್ನ ಅಕ್ಕ