ರುಮಾಲಿಗೆ ಬಿದ್ದ ಲೋಳೆಮೀನು

ನಾರ್ವೆ, ಏಪ್ರಿಲ್ ೧೯೫೭

ಅಕ್ಕ ಕಳಕವ್ವನಿಗೆ ತಮ್ಮ ಅಂದಾನೆಪ್ಪನ ನಮಸ್ಕಾರ.

ಇಲ್ಲಿ ನಮ್ಮ ಗಜೇಂದ್ರಗಡದ ಗುಡ್ಡದಂಥ ಎರಡು ಗುಡ್ಡಗಳ ಸಂದಿಯಲ್ಲಿ ಕಡಲು ಒಳಗೆ ನುಗ್ಗಿ ಬಂದಿದೆ. ಬೇಸಿಗೆಯಲ್ಲಿ ಅದರ ತುಂಬ ಲೋಳೆಮೀನು. ಮೂಳೆಯಿಲ್ಲ, ತಲೆಯಿಲ್ಲ, ತಟ್ಟೆಯಲ್ಲಿ ಆರಿದ ಗಂಜಿಯಂತೆ ತೇಲುತ್ತವೆ. ಅವನ್ನು ಎಣಿಸುವುದೇ ನನ್ನ ಓದು.

ಅವು ಹೊರಗಡಲಿನಿಂದ ಬರುತ್ತವೆ, ಇಲ್ಲಿ ಹುಟ್ಟುವುದೇ ಇಲ್ಲ ಎಂದು ನನಗೆ ಕಲಿಸುವ ಸಾಹೇಬನ ಹಟ. ಹನ್ನೊಂದು ವರ್ಷ ಬಲೆ ಎಳೆದರೂ, ಮರಿಗಳ ಕಾಲವಾದ ಈ ತಿಂಗಳಲ್ಲಿ ಒಂದು ಮರಿಯೂ ಸಿಕ್ಕಿಲ್ಲವಂತೆ. ಸಿಗುವುದಾದರೂ ಹೇಗೆ? ಬಲೆಯ ಕಣ್ಣಿನಲ್ಲಿ ಜೋಳದ ಕಾಳು ಸೋರಿಹೋಗುತ್ತದೆ! ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಇಷ್ಟು ಕಾಣದೇ? ಹೇಳಿದರೆ ನಕ್ಕುಬಿಟ್ಟ. "ಜರಡಿಯೊಳಗ ನೀರ ತುಂಬಾಕ ಹೋಗಿ, ಹಳ್ಳ ಬತ್ತೇತಿ ಅಂತೀರಲ್ರಿ!" ಎಂದು ನಮ್ಮ ಮಾತಿನಲ್ಲೇ ಬೈದೆ. ಅವನಿಗೆ ತಿಳಿಯಲಿಲ್ಲ.

ಮರುದಿನ, ತಲೆಗೆ ಸುತ್ತಲು ನೀನು ನೇಯ್ದು ಕೊಟ್ಟ ತೆಳು ರುಮಾಲನ್ನೇ ಚೀಲವಾಗಿ ಹೊಲಿದು, ದೋಣಿಯ ಹಿಂದೆ ಕಟ್ಟಿ ಎಳೆದೆ. ಎಳ್ಳಿನಷ್ಟು ಮರಿಗಳು, ಎಂಟೆಸಳಿನ ಹೂವಿನಂಥವು, ಇನ್ನೂರ ಹದಿನಾಲ್ಕು ಬಿದ್ದವು!

ಸಾಹೇಬನ ನಗು ನಿಂತಿತು. ಆದರೆ ಲೆಕ್ಕದ ಪುಸ್ತಕದಲ್ಲಿ ಯಾವ ಬಲೆ ಎಂದು ಬರೆಯುವ ಜಾಗದಲ್ಲಿ ಏನು ಬರೆದ ಗೊತ್ತೇ? "ಹಳೆಯ ಚಿಂದಿ ಬಟ್ಟೆ." ಮೈಯೆಲ್ಲ ಉರಿದುಹೋಯಿತು. ಅವನೆದುರಿಗೇ ಗೀಟು ಹೊಡೆದು, "ಕೈಮಗ್ಗದ ರುಮಾಲು. ನೇಯ್ದವರು ಕಳಕವ್ವ, ಗಜೇಂದ್ರಗಡ" ಎಂದು ಬರೆದೆ.

ಚಳಿಯಲ್ಲಿ ಬರಿ ತಲೆಯಲ್ಲಿ ತಿರುಗಿ ನೆಗಡಿಯಾಗಿದೆ, ಜ್ವರವಿಲ್ಲ, ಚಿಂತಿಸಬೇಡ. ಬೇಗ ಇನ್ನೊಂದು ರುಮಾಲು ಕಳಿಸು. ಆ ಚಿಂದಿ ಬಟ್ಟೆಯನ್ನು ಸಾಹೇಬ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾನೆ, ಕೇಳಿದರೂ ಕೊಡುತ್ತಿಲ್ಲ.

ದೋಣಿ ಹೊರಟಿದೆ, ಇಲ್ಲಿಗೆ ಮುಗಿಸುತ್ತೇನೆ.
ಅಂದಾನೆಪ್ಪ