ಬಾಟಲಿಯ ತಳ ಕಾಣುವವರೆಗೆ

ಭಾನುವಾರ, ಮಧ್ಯಾಹ್ನ

ಮುದ್ದಿನ ಸೊಸೆಗೆ,

ಕಾಗದದಲ್ಲಿ ಮುದ್ದು ಅಂತ ಬರೆಯುವುದು ರೂಢಿ, ಬರೆದಿದ್ದೇನೆ. ಅದಕ್ಕೆ ಹೆಚ್ಚಿನ ಅರ್ಥ ಕಟ್ಟಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನನ್ನ ಮಗ ಎತ್ತಿದರೂ ಬರೀ ಹೂಂ ಅನ್ನುತ್ತಾನೆ. ನೀನು ಪಕ್ಕದಲ್ಲೇ ನಿಂತಿದ್ದೀಯ ಅಂತ ಆ ಹೂಂನಲ್ಲೇ ಗೊತ್ತಾಗುತ್ತದೆ.

ನನ್ನ ಮೊಮ್ಮಗ ಗುಂಡ ಮೈ ಇಳಿದುಹೋಗಿದ್ದಾನಂತೆ. ಇಳಿದಿಲ್ಲ, ಈಗ ವಯಸ್ಸಿಗೆ ತಕ್ಕ ಹಾಗಿದ್ದಾನೆ ಅಂತ ನರ್ಸಮ್ಮ ಹೇಳಿದಳಂತೆ. ನಾನು ತೊಡೆಯ ಮೇಲೆ ಹಾಕಿಕೊಂಡು ತುಂಬಿಸಿದ ಮೈಯನ್ನು ನಿಮ್ಮಕ್ಕನ ಮನೆಯಲ್ಲಿ ಕೂತು ಕರಗಿಸಿದ್ದೀಯ, ಭೇಷ್.

ಆ ನರ್ಸಮ್ಮನ ಪಾಠವನ್ನೆಲ್ಲ ನೀನು ಬಂದು ನನಗೆ ಒಪ್ಪಿಸಿದ್ದೆಯಲ್ಲ. ಮಗು ಮುಖ ತಿರುಗಿಸಿದರೆ ಸಾಕು ಅಂತ ಅರ್ಥವಂತೆ. ತುಟಿ ಬಿಗಿದರೆ, ನಿಪ್ಪಲನ್ನು ನಾಲಿಗೆಯಿಂದ ದೂಡಿದರೆ ನಿಲ್ಲಿಸಬೇಕಂತೆ. ಕುಡಿದ ಮೇಲೆ ಕಕ್ಕಿ, ಹೊಟ್ಟೆ ಬಿಗಿದು ಅತ್ತರೆ ಅದು ಹಸಿವಲ್ಲವಂತೆ, ಹೆಚ್ಚಾದದ್ದಂತೆ. ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಬೇಕಂತೆ. ಇದೆಲ್ಲ ನನಗೆ ಗೊತ್ತಿಲ್ಲವೇ? ನಿನ್ನ ಗಂಡನನ್ನು ನಾನೇನು ಗಾಳಿ ಕುಡಿಸಿ ಸಾಕಲಿಲ್ಲ. ಗುಂಡನ ಹೊಟ್ಟೆ ತುಂಬಿದ್ದು ನಿಮ್ಮೆಲ್ಲರಿಗಿಂತ ಮೊದಲು ನನಗೇ ತಿಳಿಯುತ್ತಿತ್ತು.

ನೀನು ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು ನೋಡಿಕೊಂಡೇ ನಾನು ಬಾಟಲಿಯಲ್ಲಿ ಪುಡಿಹಾಲು ಬೆರೆಸುತ್ತಿದ್ದೆ ಅಂತ ನಿನ್ನ ದೂರು. ಹೌದು, ಬೆರೆಸುತ್ತಿದ್ದೆ. ಬೆಳಿಗ್ಗೆಯಿಂದ ನನ್ನ ಬೆರಳು ಹಿಡಿದು ಮಲಗಿದವನು ಮೆಟ್ಟಿಲ ಮೇಲೆ ನಿನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ಕೈಕಾಲು ಬಡಿಯುತ್ತಿದ್ದ. ಆಮೇಲೆ ನಾನು ಯಾರೋ ಏನೋ. ಹೊಟ್ಟೆ ಉರಿಯುವುದಿಲ್ಲವೇ? ಉರಿಯಿತು. ಅದಕ್ಕೇ ತಳ ಕಾಣುವವರೆಗೆ ಕುಡಿಸಿದೆ. ಬೇಡ ಅಂತ ತಲೆ ಕೊಡವಿದಾಗ ಕೆನ್ನೆ ಹಿಡಿದೂ ಕುಡಿಸಿದೆ.

ನೀನು ಹಾಲು ತುಂಬಿ ಎದೆ ಬಿಗಿದು, ಬಟ್ಟೆ ಒದ್ದೆ ಮಾಡಿಕೊಂಡು ಓಡಿಬರುತ್ತಿದ್ದೆ. ಚಪ್ಪಲಿಯನ್ನೂ ಬಿಡದೆ ಎತ್ತಿ ಎದೆಗೆ ಹಾಕಿಕೊಳ್ಳುತ್ತಿದ್ದೆ. ಅವನು ಮುಖ ತಿರುಗಿಸುತ್ತಿದ್ದ. ನಿನ್ನ ಹಾಲು ಅವನಿಗೆ ಸೇರುತ್ತಿಲ್ಲ ಅಂತ ನಾನಂದರೆ ನಂಬಿಯೇಬಿಟ್ಟೆ, ಪೆದ್ದಿ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆಯಲ್ಲ, ಹೊರಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಊರವರ ಕಣ್ಣಿಗೆಲ್ಲ ಗಾಜು ಹೊಂದಿಸುವವಳಿಗೆ ತನ್ನ ಮನೆಯೊಳಗಿನದು ಕಾಣಲಿಲ್ಲ. ಅಂಗಡಿಯಲ್ಲಿ ಕರೆಂಟು ಹೋಗಿ ಆ ದಿನ ನೀನು ಬೇಗ ಬರದಿದ್ದರೆ, ನಾನು ಅವನ ಕೆನ್ನೆ ಹಿಡಿದು ಕುಡಿಸುವುದು ಇವತ್ತಿಗೂ ಕಾಣುತ್ತಿರಲಿಲ್ಲ.

ಬಾಯಿ ತೆಗೆದು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಮುಗಿಸುತ್ತಿದ್ದೆ. ನೀನೋ, ಅವನು ನಿನ್ನ ಭುಜದ ಮೇಲೆ ಕಕ್ಕಿದ್ದನ್ನೂ ಒರೆಸಿಕೊಳ್ಳದೆ ಅವನನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದೆ. ನನ್ನ ಮಗನೂ ಸಂಜೆ ಬಟ್ಟೆ ತುಂಬಿಕೊಂಡು ನಿನ್ನ ಹಿಂದೆಯೇ ಬಂದ.

ಮನೆ ಬಿಕೋ ಅನ್ನುತ್ತಿದೆ. ಅವನನ್ನು ಎತ್ತಿಕೊಳ್ಳದೆ ತೋಳು ನೋಯುತ್ತಿದೆ. ಹಾಗಂತ ನಾನು ತಪ್ಪಾಯಿತು ಅನ್ನುವವಳಲ್ಲ. ಅವನನ್ನು ಕರೆದುಕೊಂಡು ಬಾ. ನೀನು ಬಾಗಿಲಲ್ಲೇ ಬಿಟ್ಟು ಹೊರಟರೂ ಅಡ್ಡಿಯಿಲ್ಲ. ಹಾಲಿಲ್ಲದವಳು ಹಟಕ್ಕೆ ಬಿದ್ದು ಮಗುವನ್ನು ಒಣಗಿಸುತ್ತಿದ್ದಾಳೆ ಅಂತ ನೆಂಟರಿಗೆಲ್ಲ ಹೇಳಿಟ್ಟಿದ್ದೇನೆ. ನೀನು ಬಂದರೆ ಆ ಮಾತು ತಿದ್ದುತ್ತೇನೆ, ಬರದಿದ್ದರೆ ಅದೇ ನಿಲ್ಲುತ್ತದೆ.

ಇಂತಿ,
ನಿನಗೆ ನಾನು ಏನಾದರೂ ಆಗಲಿ ಬಿಡಲಿ, ಗುಂಡನಿಗೆ ಅಜ್ಜಿ

ತಾ.ಕ.: ಮಹಡಿ ಮೇಲಿನ ಬಾಡಿಗೆಯವಳು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಎಳೆಕೂಸನ್ನು ನಂಬಿ ಬಿಡಲು ನಿಮ್ಮಂಥ ಹಿರಿಯರು ಸಿಕ್ಕಿದ್ದು ಪುಣ್ಯ ಅಂತ ನನ್ನ ಕೈ ಹಿಡಿದುಕೊಂಡಳು. ಹೆಣ್ಣುಮಗು, ಬಲು ಚೂಟಿ. ನಿನ್ನೆ ಸಂಜೆ ತಾಯಿ ಬಂದು ಎದೆಗೆ ಹಾಕಿಕೊಂಡರೆ ಮುಖ ತಿರುಗಿಸಿಬಿಟ್ಟಿತು. ಅವಳ ಕಣ್ಣಲ್ಲಿ ನೀರು. ಕೆಲವರಿಗೆ ಹಾಗೇ ಆಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ ಬೆನ್ನು ಸವರಿ ಕಳಿಸಿದೆ.