ಹನ್ನೊಂದು ಪೈಪು, ತಿರುಗಿದ ಬಾಣ

ಅಕ್ಟೋಬರ್ 28, ಮಂಗಳವಾರ. ಬೆಳಿಗ್ಗೆ 8

ಹುರಿದ ಧಾನ್ಯದ ಬ್ಸೀಸಾ ಹಿಟ್ಟು ಕಲಸಿಟ್ಟೆ. ಆಲಿವ್ ಎಣ್ಣೆ ಹೋದ ವರ್ಷದ್ದು, ತಳ ಕಾಣುತ್ತಿದೆ. ಹೊಸ ಎಣ್ಣೆಗೆ ಇನ್ನೂ ಮೂರು ವಾರ. ಮಗ ಫಖ್ರಿ ತಿಂದು ಬಂದರಿನ ಕೆಲಸಕ್ಕೆ ಹೋದ. ಸೊಸೆ ಸಿಹೆಮ್ ಲ್ಯಾಪ್‌ಟಾಪ್ ತೆರೆದು ಕೂತಿದ್ದಾಳೆ. ನನ್ನ ಊಟದ ಮೇಜಿನ ಮೇಲೆ! ಲಿನನ್ ಬಟ್ಟೆ ತೆಗೆದು ಪ್ಲಾಸ್ಟಿಕ್ ಹಾಳೆ ಹಾಸಿಕೊಟ್ಟೆ.

ಎಂಜಿನಿಯರ್ ಸೀ ಲಸ್ಸಾದ್ ಅವಳಿಗೆ ಮೂರು ತಿಂಗಳ ಪರೀಕ್ಷೆಯ ಕೆಲಸ ಕೊಟ್ಟಿದ್ದಾರೆ. ಗ್ರೆಮ್ದಾ ರಸ್ತೆಯಲ್ಲಿ ಕಟ್ಟಲಿರುವ ಹೆರಿಗೆ ಆಸ್ಪತ್ರೆಯ ಕೊಳಚೆ ಪೈಪುಗಳ ನಕ್ಷೆ. ಹನ್ನೊಂದು ಪೈಪು. ಮನೆಯಲ್ಲಿ ಬರೆದು ಗುರುವಾರ ಆಫೀಸಿಗೆ ಒಯ್ಯಬೇಕು. ಸರಿಬಂದರೆ ಕೆಲಸ ಕಾಯಂ. ಮದುವೆಯಾಗಿ ನಾಲ್ಕು ವರ್ಷಕ್ಕೆ ಸಿಕ್ಕ ಮೊದಲ ಕೆಲಸ.

ಅದೇ ದಿನ, ಸಂಜೆ

ಸಿಹೆಮ್ ಅತ್ತೆಯಾದ ನನ್ನನ್ನು ಮರ್ಯಾದೆಯಿಂದ ಲಲ್ಲಾ ಅನ್ನುತ್ತಾಳೆ. ಅವಳನ್ನು ಕೇಳಿದೆ, "ಎಲ್ಲಿಂದ ಶುರು ಮಾಡ್ತೀಯ?"

"ಬಚ್ಚಲಿಂದ, ಲಲ್ಲಾ. ನೀರು ಹೊರಡೋದು ಅಲ್ಲಿಂದಲೇ ಅಲ್ವಾ?"

"ಕೆಫ್ ಬೆಟ್ಟದೋಳು ನೀನು. ನಿಮ್ಮೂರಲ್ಲಿ ಒಂದು ಲೋಟ ನೀರು ಚೆಲ್ಲಿದ್ರೂ ಮುಂದಿನ ಊರು ಸೇರತ್ತೆ. ಇದು ಸ್ಫಾಕ್ಸ್. ತಟ್ಟೆ ಹಾಗೆ ಚಪ್ಪಟೆ. ಇಲ್ಲಿ ನೀರಿಗೆ ದಾರಿ ಹೇಳಿಕೊಡಬೇಕು. ಬೀದಿ ಗುಂಡಿಯಿಂದ ಶುರು ಮಾಡು."

ವಿವರಿಸಿದೆ. ಬೀದಿಯ ಗುಂಡಿ, ಅಂದರೆ ಮ್ಯಾನ್‌ಹೋಲು, ನಗರಸಭೆಯದು. ಅದರ ಆಳ ನಾವು ಬದಲಿಸುವಂತಿಲ್ಲ. ಅದನ್ನು ಹಿಡಿದುಕೊಂಡು ಮನೆಯ ಕಡೆಗೆ ಮೇಲೆ ಮೇಲೆ ಬರಬೇಕು. ಮೀಟರಿಗೆ ಎರಡು ಸೆಂಟಿಮೀಟರ್. ನನ್ನ ಯಜಮಾನರು ಮೂವತ್ತೆರಡು ವರ್ಷ ಹಾಗೇ ಪೈಪು ಹಾಕಿದರು. ಆಳು ಬಾರದ ದಿನ ಮಟ್ಟ ನೋಡುವ ನೀರಿನ ಟ್ಯೂಬಿನ ಇನ್ನೊಂದು ತುದಿ ನನ್ನ ಕೈಯಲ್ಲಿ. ಒಂದು ಮನೆಯಿಂದಲೂ ದೂರು ಬರಲಿಲ್ಲ.

ಸಿಹೆಮ್ ಚೀಟಿಯಲ್ಲಿ ಬರೆದುಕೊಂಡಳು. ಎಂಜಿನಿಯರಿಂಗ್ ಓದಿದವಳು, ಹೈಸ್ಕೂಲು ಮುಗಿಸಿದ ನನ್ನ ಮಾತನ್ನು! ಖುಷಿಯಾಯಿತು. ತೋರಿಸಿಕೊಳ್ಳಲಿಲ್ಲ.

ನವೆಂಬರ್ 6, ಗುರುವಾರ

ನಕ್ಷೆ ವಾಪಸು ಬಂತು. ಕೆಂಪು ಶಾಯಿಯಲ್ಲಿ ಎರಡೇ ಪದ — "ಬಾಣ ನೋಡಿ." ಸೀ ಲಸ್ಸಾದ್ ಮಾತಿನಲ್ಲೂ ಹೀಗೇ ಜಿಪುಣ.

ಪ್ರತಿ ಪೈಪಿನ ಪಕ್ಕ ಒಂದು ಪುಟ್ಟ ಬಾಣ, ಅದರ ಮೇಲೆ "2%". ನೀರು ಎತ್ತ ಇಳಿಯುತ್ತದೆ ಎಂಬ ಗುರುತು. ಹನ್ನೊಂದು ಬಾಣವೂ ಗುಂಡಿಗೆ ಬೆನ್ನು ಹಾಕಿ ಬಚ್ಚಲ ಕಡೆ ಮುಖ ಮಾಡಿವೆ.

"ಸಾಫ್ಟ್‌ವೇರ್ ತೊಂದರೆ ಲಲ್ಲಾ. ಗುರುತು ಉಲ್ಟಾ ಕೂರ್ತಿದೆ ಅಷ್ಟೆ. ತಿರುಗಿಸಿಬಿಡ್ತೀನಿ."

"ತಿರುಗಿಸು ಮತ್ತೆ. ಯಂತ್ರಕ್ಕೆ ನೀನು ಹೇಳಬೇಕು, ಯಂತ್ರ ನಿನಗಲ್ಲ."

ನವೆಂಬರ್ 11

ಇನ್ನೂ ಬಾಣ ತಿರುಗಿಸುತ್ತಲೇ ಇದ್ದಾಳೆ. ಕೈಯಾರೆ ಒಂದನ್ನು ತಿರುಗಿಸಿದರೆ, ಪೈಪು ಒಂದಿಷ್ಟು ಅಲುಗಿದ ಕೂಡಲೆ ಮತ್ತೆ ಹಳೆಯ ಕಡೆಗೇ. ಸೆಟ್ಟಿಂಗು ಬದಲಿಸಿದಳು. ಸಾಫ್ಟ್‌ವೇರನ್ನೇ ತೆಗೆದುಹಾಕಿ ಮತ್ತೆ ಹಾಕಿದಳು. ಗೆಳತಿಗೆ ಫೋನು ಮಾಡಿದಳು. ಕೊನೆಗೆ ಬಾಣವನ್ನೇ ಅಳಿಸಿ, ಬರೀ ಗೆರೆಗಳಲ್ಲಿ ತಾನೇ ಬೇರೆ ಬಾಣ ಬರೆದಳು. ಅದು ಅಲ್ಲಾಡುವುದಿಲ್ಲವಂತೆ.

ಹರೀಸಾ ಚಟ್ನಿಗೆ ಮೆಣಸಿನಕಾಯಿ ಬಿಡಿಸುತ್ತ ನೋಡುತ್ತಿದ್ದೆ. ಸೋಲಬಾರದೆಂದು ಹಟ ಮಾಡುವಾಗ ಕೆಳತುಟಿ ಕಚ್ಚುತ್ತಾಳೆ. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕಂಡಿರಲಿಲ್ಲ.

ನವೆಂಬರ್ 13, ಗುರುವಾರ

ಮತ್ತೆ ವಾಪಸು. "ಬಾಣವೂ ಆಳವೂ ಜಗಳವಾಡುತ್ತಿವೆ. ಮುಂದಿನ ಗುರುವಾರ ಕೊನೆ." ಅಂದರೆ ಮೂರನೇ ಸಲವೂ ತಪ್ಪಿದರೆ ನಕ್ಷೆ ಬೇರೆಯವರಿಗೆ. ಕೆಲಸವೂ.

ಸ್ಕಾರ್ಫು ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. "ನನಗೆ ಬರಲ್ಲ ಲಲ್ಲಾ. ಮನೇಲೇ ಇರ್ತೀನಿ."

"ನನ್ನ ಅಡುಗೆಮನೇಲಿ ಇಬ್ಬರಿಗೆ ಜಾಗ ಇಲ್ಲ" ಅಂದೆ. ನನಗೆ ತಿಳಿದ ಸಮಾಧಾನ ಅಷ್ಟೇ.

ನವೆಂಬರ್ 14, ಶುಕ್ರವಾರ

ಮೀನಿನ ಕುಸ್ಕುಸ್. ಸಿಹೆಮ್ ಮುಟ್ಟಲಿಲ್ಲ. "ಮಾಂಸಕ್ಕೆ ಖರ್ಜೂರ ಹಾಕಿ ತಿನ್ನೋ ಊರಿನವಳಿಗೆ ನಮ್ಮ ಮೀನು ರುಚಿಸತ್ತಾ?" ಅಂತ ಕೆಣಕಿದೆ. ಬೇರೆ ದಿನ ಆಗಿದ್ದರೆ ತಿರುಗಿ ಒಂದು ಕೊಡುತ್ತಿದ್ದಳು. ಇವತ್ತು ಬರೀ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ನವೆಂಬರ್ 15, ಶನಿವಾರ. ಬೆಳಿಗ್ಗೆ 11

ಕನ್ನಡಕ ಹಾಕಿಕೊಂಡು ಅವಳ ಪಕ್ಕ ಕುರ್ಚಿ ಎಳೆದು ಕೂತೆ.

"ಮೊದಲನೇ ಪೈಪು. ಎರಡು ತುದಿ ಎಷ್ಟೆಷ್ಟು ಆಳದಲ್ಲಿವೆ ಹೇಳು."

"ತೊಂದರೆ ಇರೋದು ಬಾಣದ್ದು ಲಲ್ಲಾ. ಸೆಟ್ಟಿಂಗ್ ಎಲ್ಲಾ..."

"ನಾನು ಬಾಣ ಕೇಳಿದ್ನಾ?"

"ಗುಂಡಿ ಕಡೆ ಒಂದು ಮೀಟರ್ ಹತ್ತು. ಬಚ್ಚಲ ಕಡೆ..." ನಿಲ್ಲಿಸಿದಳು. "ಒಂದು ಮೀಟರ್ ಮೂವತ್ನಾಲ್ಕು."

"ಯಾವುದು ಹೆಚ್ಚು ಆಳ?"

"ಅಯ್ಯೋ ಲಲ್ಲಾ!"

"ಅಯ್ಯೋ ಅನ್ನು ಮತ್ತೆ. ಆಸ್ಪತ್ರೆ ಗಲೀಜೆಲ್ಲ ತಿರುಗಿ ಬಾಣಂತಿ ಮಂಚದ ಕೆಳಗೇ ಬರ್ತಿತ್ತು. ಮಗುಗೆ ಹೆಸರಿಡೋಕೆ ಬಂದವರು ಮೂಗು ಮುಚ್ಕೊಂಡು ಹೋಗ್ತಿದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ. ಎರಡು ವಾರದಲ್ಲಿ ಮೊದಲ ನಿಜವಾದ ನಗು.

ಬಾಣ ಸುಳ್ಳು ಹೇಳಿರಲಿಲ್ಲ. ಪೈಪೇ ಹಿಂದುಮುಂದಾಗಿ ಮಲಗಿತ್ತು. ಪಾಪದ ಬಾಣದ ಕತ್ತನ್ನು ನಾವು ಸುಮ್ಮನೆ ತಿರುಚುತ್ತಿದ್ದೆವು.

ಯಾಕೆ ಹೀಗಾಯಿತೆಂದು ಅವಳೇ ಹುಡುಕಿದಳು. ಪೈಪು ಎಳೆಯುವ ಮೊದಲು ಒಂದು ಬಟನ್ ಇದೆ — "ಕೆಳಕ್ಕೆ", ಇಲ್ಲವೆ "ಮೇಲಕ್ಕೆ". ಶುರು ಮಾಡಿದ ಕಡೆಯಿಂದ ಪೈಪು ಇಳಿಯಬೇಕೋ ಏರಬೇಕೋ ಅಂತ. ಆಫೀಸಿನವರು ಯಾವಾಗಲೂ ಬಚ್ಚಲಿಂದ ಎಳೆಯುತ್ತಾರೆ. ಅದಕ್ಕೇ ಬಟನ್ "ಕೆಳಕ್ಕೆ" ಇಟ್ಟಿರುತ್ತಾರೆ. ಇವಳು ಬಟನ್ ಮುಟ್ಟದೆ ಗುಂಡಿಯಿಂದ ಎಳೆದಿದ್ದಾಳೆ. ಪೈಪು ಗುಂಡಿಯಿಂದ ಆಸ್ಪತ್ರೆಯ ಕಡೆಗೆ ಇಳಿದಿದೆ.

"ಎಲ್ಲರೂ ಬಚ್ಚಲಿಂದ ಎಳೆಯೋವಾಗ ನೀನ್ಯಾಕೆ ಗುಂಡಿಯಿಂದ ಎಳೆದೆ? ಯಾವ ಕತ್ತೆ ಹೇಳಿಕೊಟ್ಟಿದ್ದು?"

ಸಿಹೆಮ್ ಲ್ಯಾಪ್‌ಟಾಪ್ ಮುಚ್ಚಿದಳು. "ಕಾಫಿ ಮಾಡ್ತೀನಿ" ಅಂತ ಎದ್ದು ಹೋದಳು.

ಮಧ್ಯಾಹ್ನ 3

ಈ ಪುಸ್ತಕದ ಹಿಂದಿನ ಪುಟ ತಿರುಗಿಸಿದೆ. ಅಕ್ಟೋಬರ್ 28. ನನ್ನದೇ ಕೈಬರಹ.

ಕತ್ತೆ ಸಿಕ್ಕಿತು.

ನವೆಂಬರ್ 16, ಭಾನುವಾರ

ಇಡೀ ದಿನ ಹನ್ನೊಂದು ಪೈಪನ್ನೂ ಹೊಸದಾಗಿ ಎಳೆದಳು. "ಬಚ್ಚಲಿಂದಲೇ ಎಳೆದುಬಿಡು, ಆಫೀಸಿನವರ ಹಾಗೆ" ಅಂದೆ. ಬೇರೆಲ್ಲೋ ನೋಡುತ್ತ.

"ಇಲ್ಲ ಲಲ್ಲಾ. ಗುಂಡಿ ಆಳ ಒಂದು ಚೂರೂ ಅಲ್ಲಾಡಬಾರದಲ್ವಾ? ಗುಂಡಿಯಿಂದಲೇ ಸರಿ. ನೀವು ಹೇಳಿದ್ದು ತಪ್ಪಲ್ಲ. ನಾನು ಬಟನ್ ನೋಡ್ಲಿಲ್ಲ."

ಗುಂಡಿಯಿಂದಲೇ ಎಳೆದಳು, "ಮೇಲಕ್ಕೆ" ಇಟ್ಟು. ಮೊದಲನೇ ಪೈಪು ಈಗ ಗುಂಡಿ ಕಡೆ ಒಂದು ಮೀಟರ್ ಹತ್ತು, ಬಚ್ಚಲ ಕಡೆ ಎಂಬತ್ತಾರು ಸೆಂಟಿಮೀಟರ್ ಆಳ. ತಾನು ಬರೆದ ಸುಳ್ಳು ಬಾಣಗಳನ್ನು ಅಳಿಸಿ ಸಾಫ್ಟ್‌ವೇರಿನ ಬಾಣ ಹಾಕಿದಳು. ಯಾರೂ ತಿರುಗಿಸದೆ ಹನ್ನೊಂದೂ ಗುಂಡಿಯ ಕಡೆ ಮುಖ ಮಾಡಿದವು.

ಕ್ಷಮಿಸು ಅನ್ನಬೇಕಿತ್ತು. ಬಾದಾಮಿ ಸುಲಿದು ಅವಳ ಮುಂದಿಟ್ಟೆ. ಒಂದು ಬಟ್ಟಲು ತುಂಬ.

ನವೆಂಬರ್ 17, ಸೋಮವಾರ. ಬೆಳಿಗ್ಗೆ 10

ಸಿಹೆಮ್ ಪೇಟೆಗೆ ಹೋದಾಗ ಸೀ ಲಸ್ಸಾದರಿಗೆ ಫೋನು ಮಾಡಿದೆ. ಇಪ್ಪತ್ತು ವರ್ಷದ ಹಿಂದೆ ನನ್ನ ಯಜಮಾನರ ಎದುರು ಕೈಕಟ್ಟಿ ನಿಂತು ಕೆಲಸ ಕಲಿತ ಹುಡುಗ. ಈಗ ಎಂಜಿನಿಯರು, ಹಿರಿಯಳೆಂದು ನನ್ನನ್ನು ಹಾಜ್ಜಾ ಅನ್ನುತ್ತಾರೆ. ಅವರ ಮುಂದೆ ತಪ್ಪೊಪ್ಪಿಕೊಳ್ಳುವುದು... ಮೂರು ಸಲ ನಂಬರ್ ಒತ್ತಿ ಮೂರು ಸಲ ಇಟ್ಟೆ. ನಾಲ್ಕನೇ ಸಲ ಮಾತಾಡಿದೆ.

"ಆ ಪೈಪಿನ ತಪ್ಪು ನನ್ನದು. ಗುಂಡಿಯಿಂದ ಶುರು ಮಾಡು ಅಂದವಳು ನಾನು."

"ಹಾಜ್ಜಾ, ಅವಳು ಶನಿವಾರನೇ ಮೆಸೇಜ್ ಹಾಕಿದ್ಲು, ತಪ್ಪು ತನ್ನದು ಅಂತ. ಹಿಡಿದುಕೊಟ್ಟಿದ್ದು ಅತ್ತೆ ಅಂತ ಬರೆದಿದ್ದಾಳೆ. ಹೇಳಿಕೊಟ್ಟಿದ್ದು ಅತ್ತೆ ಅಂತ ಬರೆದಿಲ್ಲ." ಆ ಕಡೆ ನಗು. "ಒಂದು ತಪ್ಪಿಗೆ ಇಬ್ಬರು ವಾರಸುದಾರರು! ನನ್ನ ಆಫೀಸಲ್ಲಿ ಹತ್ತು ತಪ್ಪಾದ್ರೂ ಒಬ್ಬರೂ ಸಿಗಲ್ಲ."

"ನಗಬೇಡಿ. ನಕ್ಷೆ ಸರಿ ಇಲ್ದಿದ್ರೆ ಕೆಲಸ ಕೊಡಬೇಡಿ. ಕರುಣೆ ಬೇಡ ನಮಗೆ. ಆದ್ರೆ ನನ್ನ ತಪ್ಪಿಗೆ ಅವಳನ್ನ ಮನೆಗೆ ಕಳಿಸಬೇಡಿ."

"ಗುರುವಾರ ನೋಡೋಣ ಹಾಜ್ಜಾ."

ಫೋನಿಟ್ಟು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ವಯಸ್ಸು.

ನವೆಂಬರ್ 20, ಗುರುವಾರ. ಸಂಜೆ 4

ಬೆಳಿಗ್ಗೆ ನಕ್ಷೆ ಸುತ್ತಿಕೊಂಡು ಹೊರಟಳು. ಹನ್ನೆರಡಾಯಿತು. ಎರಡಾಯಿತು. ಬುತ್ತಿ ಕಟ್ಟಿಕೊಂಡು ಹೋಗುವಷ್ಟು ದೂರವಲ್ಲ ಆ ಆಫೀಸು, ನಡೆದರೆ ಅರ್ಧ ಗಂಟೆ. ಕಿಟಕಿಗೆ ಮೂರು ಸಲ ಹೋದೆ. ಗಾಜು ಕೊಳೆಯಾಗಿತ್ತು, ಒರೆಸಿದೆ.

ಈಗಷ್ಟೇ ಬಂದಳು. ನಕ್ಷೆಯ ಮೇಲೆ ಕೆಂಪು ಶಾಯಿಯಿಲ್ಲ. ಆಫೀಸಿನ ಮೊಹರು, ಕೆಳಗೆ ಸಹಿ. ಸೋಮವಾರದಿಂದ ಕೆಲಸ ಕಾಯಂ. ದಿನಾ ಆಫೀಸಿಗೆ ಹೋಗಬೇಕಂತೆ, ಅಲ್ಲೇ ಅವಳಿಗೊಂದು ಮೇಜು.

"ಒಳ್ಳೇದಾಯ್ತು, ನನ್ನ ಮೇಜು ನನಗೆ ಸಿಕ್ತು" ಅಂದೆ.

ಹೋಗಲಿಲ್ಲ. ನಿಂತೇ ಇದ್ದಾಳೆ.

"ಲಲ್ಲಾ, ನೀವು ಸೀ ಲಸ್ಸಾದ್‌ಗೆ ಫೋನ್ ಮಾಡಿದ್ರಾ?"

"ನಾನು ಬರೀತಿದ್ದೀನಿ. ಕಾಣಲ್ವಾ?"

"ಮಾಡಿದ್ರಂತೆ."

"ಆ ಮನುಷ್ಯನ ಬಾಯಲ್ಲಿ ಒಂದು ಮಾತೂ ನಿಲ್ಲಲ್ಲ. ಹೋಗು, ಕೈಕಾಲು ತೊಳ್ಕೋ."

ಹೋಗಲಿಲ್ಲ. ಪಕ್ಕದಲ್ಲಿ ಕೂತಳು. ತಲೆ ತಂದು ನನ್ನ ಭುಜದ ಮೇಲಿಟ್ಟಳು. ಬಲಭುಜ. ಬರೆಯುವ ಕೈ. ಆಚೆ ಸರಿ ಅನ್ನಬೇಕು, ಅನ್ನುತ್ತಿಲ್ಲ. ತಲೆ ಭಾರವಾಗಿದೆ, ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಅಕ್ಷರ ಸೊಟ್ಟಗಾಗುತ್ತಿವೆ, ಹೀಗಾದರೆ ನಾನು ಬರೆಯುವುದಾದರೂ ಹೇ